ಗ್ರಾಫ್ ನೋಡಿ ವೇಗ, ವೇಗೋತ್ಕರ್ಷ ಓದುವುದು ಹೇಗೆ: ಮುಂಬಯಿ ಲೋಕಲ್ ಇಟ್ಟುಕೊಂಡು ಒಂದು ಸಮಗ್ರ ಮಾರ್ಗದರ್ಶಿ

ಚಲನೆಯ ಪಾಠದಲ್ಲಿ ಸೂತ್ರಗಳನ್ನು ಮಕ್ಕಳು ಬೇಗ ಬಾಯಿಪಾಠ ಮಾಡುತ್ತಾರೆ. ಗ್ರಾಫ್ ಬಂದ ಕೂಡಲೇ ಕೈ ನಿಲ್ಲುತ್ತದೆ. ನಾನು ಮುಂಬಯಿ ಹತ್ತಿರದ ಡೊಂಬಿವಲಿಯಲ್ಲಿ ಸಂಜೆ ಹೊತ್ತು ಪಾಠ ಹೇಳುತ್ತೇನೆ. ಬರುವವರಲ್ಲಿ ಕನ್ನಡದ ಮನೆಗಳ ಮಕ್ಕಳು ಜಾಸ್ತಿ. ಮನೆಯಲ್ಲಿ ಕನ್ನಡ, ಸ್ಕೂಲಲ್ಲಿ ಇಂಗ್ಲಿಷ್, ಹೊರಗೆ ಮರಾಠಿ, ಹಿಂದಿ. ಭಾಷೆ ಯಾವುದೇ ಇರಲಿ, ತೊಡಕು ಮಾತ್ರ ಎಲ್ಲರಿಗೂ ಒಂದೇ ಜಾಗದಲ್ಲಿ. ಗ್ರಾಫಿನ ಗೆರೆಯನ್ನು ಅವರು ದಾರಿ ಅಂದುಕೊಳ್ಳುತ್ತಾರೆ. ಗೆರೆ ಮೇಲಕ್ಕೆ ಹೋದರೆ ಗಾಡಿ ಘಾಟಿ ಹತ್ತಿತು, ಕೆಳಗೆ ಬಂದರೆ ಇಳಿಯಿತು ಅಂತ ಓದಿಬಿಡುತ್ತಾರೆ.

ಗ್ರಾಫ್ ದಾರಿಯ ಚಿತ್ರ ಅಲ್ಲ. ನಾವಿಲ್ಲಿ ನೋಡುವ ದಾರಿ ಪೂರ್ತಿ ನೇರ, ಹಳಿಯ ಹಾಗೆ. ಗಾಡಿ ಮುಂದೆ ಹೋಗಬಹುದು, ಹಿಂದೆ ಬರಬಹುದು, ನಿಲ್ಲಬಹುದು, ಅಷ್ಟೇ. ಗೆರೆ ಏರಿಳಿಯುವುದು ಬೇರೆ ಯಾವುದೋ ಅಳತೆ ಏರಿಳಿದಿದ್ದಕ್ಕೆ. ಯಾವ ಅಳತೆ ಅಂತ ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದ ಹಾಗೆ.

ಒಂದು ಗ್ರಾಫ್ ಪೇಪರ್, ಸ್ಕೇಲು, ಚೂಪಾದ ಪೆನ್ಸಿಲ್ ತೆಗೆದುಕೊಳ್ಳಿ. ಸುಮ್ನೆ ಓದಿಕೊಂಡು ಹೋದರೆ ಇದು ತಲೆಗೆ ಹತ್ತುವುದಿಲ್ಲ, ಕೈಯಲ್ಲಿ ಗೆರೆ ಎಳೆಯಲೇಬೇಕು.

ಮೊದಲು ಲಂಬ ಅಕ್ಷ ನೋಡಿ

ಅಡ್ಡ ಅಕ್ಷದಲ್ಲಿ ಯಾವಾಗಲೂ ಸಮಯ ಇರುತ್ತದೆ. ಅದರ ಬಗ್ಗೆ ಚಿಂತೆ ಬೇಡ. ಲಂಬ ಅಕ್ಷದಲ್ಲಿ ಮೂರರಲ್ಲಿ ಒಂದು ಇರಬಹುದು: ಗಾಡಿ ಎಲ್ಲಿದೆ ಅನ್ನುವ ಸ್ಥಾನ, ಎಷ್ಟು ಜೋರಾಗಿ ಯಾವ ಕಡೆ ಹೋಗುತ್ತಿದೆ ಅನ್ನುವ ವೇಗ, ಆ ವೇಗ ಎಷ್ಟು ಬೇಗ ಬದಲಾಗುತ್ತಿದೆ ಅನ್ನುವ ವೇಗೋತ್ಕರ್ಷ.

ಒಂದೇ ಆಕಾರದ ಗೆರೆ ಈ ಮೂರರಲ್ಲಿ ಮೂರು ಬೇರೆ ಕತೆ ಹೇಳುತ್ತದೆ. ಮಟ್ಟವಾದ ಅಡ್ಡ ಗೆರೆಯನ್ನೇ ತೆಗೆದುಕೊಳ್ಳಿ. ಸ್ಥಾನದ ಗ್ರಾಫಿನಲ್ಲಿ ಅದು ಬಂದರೆ ಗಾಡಿ ನಿಂತಿದೆ. ವೇಗದ ಗ್ರಾಫಿನಲ್ಲಿ ಬಂದರೆ ಗಾಡಿ ಒಂದೇ ವೇಗದಲ್ಲಿ ಓಡುತ್ತಿದೆ. ವೇಗೋತ್ಕರ್ಷದ ಗ್ರಾಫಿನಲ್ಲಿ ಬಂದರೆ ಗಾಡಿಯ ವೇಗ ಪ್ರತಿ ಸೆಕೆಂಡಿಗೂ ಅಷ್ಟಷ್ಟೇ ಬದಲಾಗುತ್ತಿದೆ. ಪರೀಕ್ಷೆಯಲ್ಲಿ ತಪ್ಪುವ ಹುಡುಗರಲ್ಲಿ ಹೆಚ್ಚಿನವರು ಲೆಕ್ಕ ತಪ್ಪಿರುವುದಿಲ್ಲ, ಈ ಅಕ್ಷವನ್ನೇ ನೋಡಿರುವುದಿಲ್ಲ. ಹಾಗಾಗಿ ಪ್ರಶ್ನೆ ಓದುವ ಮೊದಲೇ ಲಂಬ ಅಕ್ಷದ ಹೆಸರಿಗೆ ಪೆನ್ಸಿಲಲ್ಲಿ ಒಂದು ಸುತ್ತು ಹಾಕಿ.

ಗ್ರಾಫಿಗೆ ಕೇಳಬೇಕಾದ ಪ್ರಶ್ನೆಗಳೂ ಮೂರೇ. ಈ ಕ್ಷಣಕ್ಕೆ ಗೆರೆಯ ಎತ್ತರ ಎಷ್ಟು? ಗೆರೆಯ ಓರೆ, ಅಂದರೆ ಸ್ಲೋಪ್, ಎಷ್ಟು? ಗೆರೆ ಮತ್ತು ಸಮಯದ ಅಕ್ಷದ ನಡುವಿನ ವಿಸ್ತೀರ್ಣ ಎಷ್ಟು? ಇನ್ನು ಮುಂದೆ ಬರುವುದೆಲ್ಲ ಇದೇ ಮೂರು.

ಒಂದು ಲೋಕಲ್, ಎರಡು ಸ್ಟೇಷನ್

ದಾದರ್ ಮತ್ತು ಮಾಟುಂಗಾದ ಹಾಗೆ ಹತ್ತಿರ ಹತ್ತಿರ ಇರುವ ಎರಡು ಸ್ಟೇಷನ್ ಅಂದುಕೊಳ್ಳಿ. ಸ್ಲೋ ಲೋಕಲ್, ಅಂದರೆ ಎಲ್ಲ ಸ್ಟೇಷನ್ನಿನಲ್ಲೂ ನಿಲ್ಲುವ ಉಪನಗರ ರೈಲು, ಮೊದಲ ಸ್ಟೇಷನ್ನಿಂದ ಹೊರಡುತ್ತದೆ. 30 ಸೆಕೆಂಡ್ ವೇಗ ಏರಿಸುತ್ತದೆ. ಆಮೇಲೆ 50 ಸೆಕೆಂಡ್ ಒಂದೇ ವೇಗದಲ್ಲಿ ಓಡುತ್ತದೆ. ಕೊನೆಯ 20 ಸೆಕೆಂಡ್ ಬ್ರೇಕ್ ಹಾಕಿ ನಿಲ್ಲುತ್ತದೆ. ಗರಿಷ್ಠ ವೇಗ ಗಂಟೆಗೆ 54 ಕಿ.ಮೀ. ಈ ಅಂಕಿಗಳು ಲೆಕ್ಕ ಸುಲಭ ಆಗಲಿ ಅಂತ ನಾನು ಇಟ್ಟುಕೊಂಡವು, ಆದರೆ ನಿಜವಾದ ಗಾಡಿಗೆ ತೀರಾ ದೂರ ಇಲ್ಲ.

ಮೊದಲ ಕೆಲಸ, ಗಂಟೆಯ ಕಿಲೋಮೀಟರನ್ನು ಸೆಕೆಂಡಿನ ಮೀಟರಿಗೆ ತನ್ನಿ. 3.6ರಿಂದ ಭಾಗಿಸಿದರೆ ಸಾಕು. 54 ಅಂದರೆ 15 ಮೀ/ಸೆ. 72 ಅಂದರೆ 20. 108 ಅಂದರೆ 30. ಈ ಮೂರನ್ನು ನೆನಪಿಟ್ಟುಕೊಂಡರೆ ಬೇರೆ ಯಾವ ವೇಗವನ್ನಾದರೂ ಅಂದಾಜು ಮಾಡಬಹುದು.

ಈಗ ಪ್ರತಿ 10 ಸೆಕೆಂಡಿಗೆ ವೇಗ ಬರೆಯಿರಿ. ಶುರುವಿನಲ್ಲಿ 0. 10ನೇ ಸೆಕೆಂಡಿಗೆ 5 ಮೀ/ಸೆ, 20ಕ್ಕೆ 10, 30ಕ್ಕೆ 15. ಅಲ್ಲಿಂದ 80ನೇ ಸೆಕೆಂಡಿನವರೆಗೂ 15. 90ಕ್ಕೆ 7.5. 100ಕ್ಕೆ 0.

ಗ್ರಾಫ್ ಪೇಪರಿನಲ್ಲಿ ಅಡ್ಡಕ್ಕೆ 1 ಸೆಂ.ಮೀ.ಗೆ 10 ಸೆಕೆಂಡ್ ಇಡಿ. ಲಂಬಕ್ಕೆ 1 ಸೆಂ.ಮೀ.ಗೆ 2.5 ಮೀ/ಸೆ ಇಡಿ. ಚುಕ್ಕಿ ಹಾಕಿ ಸೇರಿಸಿದರೆ ಮೂರು ಗೆರೆ ಬರುತ್ತವೆ. ಒಂದು ಏರುವ ಗೆರೆ, ಒಂದು ಮಟ್ಟದ ಗೆರೆ, ಒಂದು ಇಳಿಯುವ ಗೆರೆ. ಮೇಲಿನ ಬದಿ 5 ಸೆಂ.ಮೀ., ಕೆಳಗಿನ ಬದಿ 10 ಸೆಂ.ಮೀ., ಎತ್ತರ 6 ಸೆಂ.ಮೀ. ಇರುವ ತ್ರಾಪಿಜ್ಯ. ಎರಡು ಸ್ಟೇಷನ್‌ಗಳ ನಡುವಿನ ಯಾವ ಗಾಡಿಯ ವೇಗದ ಗ್ರಾಫೂ ಹೆಚ್ಚು ಕಡಿಮೆ ಈ ಆಕಾರದಲ್ಲೇ ಇರುತ್ತದೆ, ಮೆಟ್ರೋ ಆಗಲಿ ಲೋಕಲ್ ಆಗಲಿ.

ಗೆರೆ ಇಳಿಯುವ ಕೊನೆಯ ಭಾಗ ನೋಡಿ. ಅಲ್ಲಿ ಗಾಡಿ ವಾಪಸ್ ಬರುತ್ತಿಲ್ಲ. ಇನ್ನೂ ಮುಂದೆಯೇ ಹೋಗುತ್ತಿದೆ, ವೇಗ ಮಾತ್ರ ಕಡಿಮೆ ಆಗುತ್ತಿದೆ. ಗೆರೆ ಸಮಯದ ಅಕ್ಷವನ್ನು ದಾಟಿ ಕೆಳಗೆ ಹೋದರೆ ಮಾತ್ರ ಗಾಡಿ ಹಿಂದಕ್ಕೆ ಚಲಿಸಿತು ಅನ್ನಬಹುದು.

ಓರೆ ಅಳೆದರೆ ವೇಗೋತ್ಕರ್ಷ

ವೇಗದ ಗ್ರಾಫಿನಲ್ಲಿ ಗೆರೆಯ ಓರೆಯೇ ವೇಗೋತ್ಕರ್ಷ. ಅಳೆಯುವ ಕ್ರಮ ಹೀಗೆ. ಗೆರೆಯ ಮೇಲೆ ದೂರ ದೂರದ ಎರಡು ಚುಕ್ಕಿ ಆರಿಸಿ. ಲಂಬವಾಗಿ ಎಷ್ಟು ಬದಲಾಯಿತು ನೋಡಿ. ಅದನ್ನು ಅಡ್ಡವಾಗಿ ಎಷ್ಟು ಬದಲಾಯಿತೋ ಅದರಿಂದ ಭಾಗಿಸಿ.

ಮೊದಲ ಗೆರೆಯಲ್ಲಿ ವೇಗ 0ಯಿಂದ 15ಕ್ಕೆ ಹೋಯಿತು, ಸಮಯ 30 ಸೆಕೆಂಡ್. 15 ಭಾಗಿಸು 30, ಅಂದರೆ 0.5 ಮೀ/ಸೆ². ಇದರ ಅರ್ಥ, ಪ್ರತಿ ಸೆಕೆಂಡಿಗೂ ವೇಗ ಅರ್ಧ ಮೀ/ಸೆ ಜಾಸ್ತಿ ಆಗುತ್ತಿದೆ. ನಡುವಿನ ಗೆರೆಗೆ ಓರೆ ಇಲ್ಲ, ವೇಗೋತ್ಕರ್ಷ 0. ಕೊನೆಯ ಗೆರೆಯಲ್ಲಿ ವೇಗ 15ರಿಂದ 0ಗೆ ಬಂತು, ಸಮಯ 20 ಸೆಕೆಂಡ್. ಬದಲಾವಣೆ ಮೈನಸ್ 15. ಹಾಗಾಗಿ ವೇಗೋತ್ಕರ್ಷ −0.75 ಮೀ/ಸೆ².

ಇಲ್ಲಿ ಎರಡು ಕಡೆ ಎಚ್ಚರ ಬೇಕು.

ಒಂದು, ಸೆಂಟಿಮೀಟರ್ ಅಳೆದು ಭಾಗಿಸಬೇಡಿ. ನಮ್ಮ ಪೇಪರಿನಲ್ಲಿ ಮೊದಲ ಗೆರೆ 3 ಸೆಂ.ಮೀ. ಅಡ್ಡ, 6 ಸೆಂ.ಮೀ. ಎತ್ತರ. ಸ್ಕೇಲಿನಲ್ಲಿ ಅಳೆದರೆ 2 ಅಂತ ಬರುತ್ತದೆ. ಅದಕ್ಕೆ ಏನೂ ಅರ್ಥ ಇಲ್ಲ. ನೀವು ಬೇರೆ ಪ್ರಮಾಣ ಆರಿಸಿದ್ದರೆ ಗೆರೆ ಬೇರೆ ಕೋನದಲ್ಲಿ ಬರುತ್ತಿತ್ತು, ಆದರೆ ಗಾಡಿಯ ವೇಗೋತ್ಕರ್ಷ ಬದಲಾಗುತ್ತಿರಲಿಲ್ಲ ಅಲ್ವಾ? ಕೋನಮಾಪಕ ಇಟ್ಟು ಕೋನ ಅಳೆಯುವವರಿಗೂ ಇದೇ ಮಾತು. ಅಕ್ಷದ ಮೇಲಿನ ಬೆಲೆಗಳನ್ನೇ ತೆಗೆದುಕೊಳ್ಳಿ, ಘಟಕದ (ಯೂನಿಟ್) ಸಮೇತ.

ಇನ್ನೊಂದು, ಎತ್ತರವನ್ನೂ ಓರೆಯನ್ನೂ ಬೆರೆಸಬೇಡಿ. 50ನೇ ಸೆಕೆಂಡಿನಲ್ಲಿ ಗೆರೆ ತುಂಬಾ ಮೇಲಿದೆ, ಆದರೆ ಓರೆ ಸೊನ್ನೆ. ಗಾಡಿ ಜೋರಾಗಿ ಓಡುತ್ತಿದೆ, ವೇಗೋತ್ಕರ್ಷ ಇಲ್ಲ. ಹೊರಟ ಮೊದಲ ಕ್ಷಣದಲ್ಲಿ ಗೆರೆಯ ಎತ್ತರ ಸೊನ್ನೆ, ಓರೆ 0.5. ವೇಗ ಇಲ್ಲ, ವೇಗೋತ್ಕರ್ಷ ಇದೆ. ಈ ಎರಡನೆಯದು ಮಕ್ಕಳಿಗೆ ಒಪ್ಪಿಗೆ ಆಗಲು ಸಮಯ ಬೇಕು. ವೇಗವೇ ಇಲ್ಲದ ಹೊತ್ತಿನಲ್ಲಿ ವೇಗೋತ್ಕರ್ಷ ಎಲ್ಲಿಂದ ಬಂತು ಅಂತ ಕೇಳುತ್ತಾರೆ. ಅದು ಇಲ್ಲದಿದ್ದರೆ ನಿಂತ ಗಾಡಿ ಹೊರಡುವುದೇ ಇಲ್ಲ.

ಇದನ್ನು ಮೈಯಲ್ಲೇ ತಿಳಿಯಬಹುದು. ಗಾಡಿ ಹೊರಡುವಾಗ ನಿಂತವರು ಹಿಂದಕ್ಕೆ ವಾಲುತ್ತಾರೆ. ಬ್ರೇಕ್ ಬಿದ್ದಾಗ ಮುಂದಕ್ಕೆ ವಾಲುತ್ತಾರೆ. ನಡುವೆ ಗಾಡಿ ಅತಿ ಜೋರಾಗಿ ಓಡುವಾಗ ಹಿಡಿ ಬಿಟ್ಟು ಪೇಪರ್ ಓದುತ್ತಾ ನಿಲ್ಲುತ್ತಾರೆ. ನಮ್ಮ ಮೈಗೆ ಗೊತ್ತಾಗುವುದು ಗೆರೆಯ ಎತ್ತರ ಅಲ್ಲ, ಓರೆ.

ವಿಸ್ತೀರ್ಣ ಎಣಿಸಿದರೆ ಗಾಡಿ ಹೋದ ದೂರ

ಒಂದೇ ವೇಗದಲ್ಲಿ ಓಡುವಾಗ ದೂರ ಅಂದರೆ ವೇಗ ಗುಣಿಸು ಸಮಯ. ಗ್ರಾಫಿನಲ್ಲಿ ವೇಗ ಒಂದು ಆಯತದ ಎತ್ತರ, ಸಮಯ ಅದರ ಅಗಲ. ಎತ್ತರ ಗುಣಿಸು ಅಗಲ ಅಂದರೆ ಆಯತದ ವಿಸ್ತೀರ್ಣ. ವೇಗ ಬದಲಾಗುತ್ತಿದ್ದರೂ ಇದೇ ಮಾತು ನಿಲ್ಲುತ್ತದೆ, ಯಾಕೆಂದರೆ ಸಮಯವನ್ನು ತೀರಾ ಸಣ್ಣ ಸಣ್ಣ ತುಂಡು ಮಾಡಿದರೆ ಪ್ರತಿ ತುಂಡಿನಲ್ಲೂ ವೇಗ ಹೆಚ್ಚು ಕಡಿಮೆ ಒಂದೇ ಇರುತ್ತದೆ, ಆ ಸಪೂರ ಆಯತಗಳನ್ನೆಲ್ಲ ಕೂಡಿಸಿದರೆ ಗೆರೆಯ ಕೆಳಗಿನ ಪೂರ್ತಿ ಜಾಗ ಸಿಗುತ್ತದೆ.

ನಮ್ಮ ಗಾಡಿಗೆ ಹಾಕಿ ನೋಡಿ. ಮೊದಲ ತ್ರಿಕೋನ: ಅರ್ಧ ಗುಣಿಸು 30 ಗುಣಿಸು 15, ಅಂದರೆ 225 ಮೀಟರ್. ನಡುವಿನ ಆಯತ: 50 ಗುಣಿಸು 15, ಅಂದರೆ 750. ಕೊನೆಯ ತ್ರಿಕೋನ: ಅರ್ಧ ಗುಣಿಸು 20 ಗುಣಿಸು 15, ಅಂದರೆ 150. ಒಟ್ಟು 1125 ಮೀಟರ್.

ಈಗ ಸೂತ್ರ ಬಿಟ್ಟು ಚೌಕ ಎಣಿಸಿ. ನಮ್ಮ ಪ್ರಮಾಣದಲ್ಲಿ 1 ಸೆಂ.ಮೀ. ಚೌಕ ಅಂದರೆ 10 ಸೆಕೆಂಡ್ ಗುಣಿಸು 2.5 ಮೀ/ಸೆ, ಅಂದರೆ 25 ಮೀಟರ್. ತ್ರಾಪಿಜ್ಯದ ಒಳಗೆ 45 ಚೌಕ ಬರುತ್ತವೆ. ಅರ್ಧರ್ಧ ಬಂದದ್ದನ್ನು ಜೋಡಿಸಿ ಎಣಿಸಬೇಕು. 45 ಗುಣಿಸು 25, ಮತ್ತೆ 1125. ಚೌಕ ಎಣಿಸುವುದನ್ನು ಚಿಕ್ಕ ಮಕ್ಕಳ ಕೆಲಸ ಅಂದುಕೊಳ್ಳಬೇಡಿ. ಗೆರೆ ಡೊಂಕಾಗಿದ್ದು ಯಾವ ಸೂತ್ರಕ್ಕೂ ಸಿಗದಿದ್ದಾಗ ಇದೇ ಸುಲಭದ ದಾರಿ. ನಿಜವಾದ ಗಾಡಿಯ ಗೆರೆ ಡೊಂಕೇ ಇರುತ್ತದೆ. ಹೊರಟಾಗ ಓರೆ ಜಾಸ್ತಿ, ವೇಗ ಏರಿದಂತೆ ಮೋಟಾರಿನ ಎಳೆಯುವ ಬಲ ಇಳಿಯುವುದರಿಂದ ಗೆರೆ ನಿಧಾನಕ್ಕೆ ಬಾಗಿ ಮಟ್ಟಕ್ಕೆ ಬರುತ್ತದೆ.

ಇಲ್ಲಿ ಘಟಕ ಬೆರೆಸಿದರೆ ಉತ್ತರ ಎಲ್ಲೆಲ್ಲೋ ಹೋಗುತ್ತದೆ. 2024ರ ಜನವರಿಯಲ್ಲಿ ತೆರೆದ, ಮುಂಬಯಿಯ ಸಮುದ್ರ ಸೇತುವೆ ಅಟಲ್ ಸೇತುವಿನ ಉದ್ದ 21.8 ಕಿ.ಮೀ. ಉದ್ದಕ್ಕೂ ಗಂಟೆಗೆ 100 ಕಿ.ಮೀ. ವೇಗ ಅಂತ ಅಂದುಕೊಂಡರೆ ದಾಟಲು ಸುಮಾರು 13 ನಿಮಿಷ. ಗ್ರಾಫಿನಲ್ಲಿ ಲಂಬಕ್ಕೆ ಗಂಟೆಯ ಕಿ.ಮೀ., ಅಡ್ಡಕ್ಕೆ ನಿಮಿಷ ಇಟ್ಟು ವಿಸ್ತೀರ್ಣ ತೆಗೆದರೆ 1300 ಬರುತ್ತದೆ. ಆ ಸಂಖ್ಯೆ ಕಿಲೋಮೀಟರೂ ಅಲ್ಲ, ಮೀಟರೂ ಅಲ್ಲ. 60ರಿಂದ ಭಾಗಿಸಿ ನಿಮಿಷವನ್ನು ಗಂಟೆ ಮಾಡಿದ ಮೇಲೆಯೇ 21.7ರ ಹತ್ತಿರ ಬರುತ್ತದೆ.

ಸರಾಸರಿ ವೇಗವನ್ನೂ ವಿಸ್ತೀರ್ಣದಿಂದಲೇ ತೆಗೆಯಿರಿ. ನಮ್ಮ ಗಾಡಿ 1125 ಮೀಟರನ್ನು 100 ಸೆಕೆಂಡಿಗೆ ಹೋಯಿತು. 11.25 ಮೀ/ಸೆ, ಅಂದರೆ ಗಂಟೆಗೆ 40.5 ಕಿ.ಮೀ. ಶುರು ಮತ್ತು ಕೊನೆಯ ವೇಗ ಕೂಡಿಸಿ ಎರಡರಿಂದ ಭಾಗಿಸುವ ವಿಧಾನ ಇಡೀ ಪ್ರಯಾಣಕ್ಕೆ ನಡೆಯುವುದಿಲ್ಲ. ಶುರುವೂ 0, ಕೊನೆಯೂ 0, ಸರಾಸರಿ 0 ಆಗಿಬಿಡುತ್ತದೆ. ಆ ವಿಧಾನ ಒಂದೇ ಓರೆಯ ಒಂದು ನೇರ ಗೆರೆಗೆ ಮಾತ್ರ.

ಸ್ಟೇಷನ್ನಿನಲ್ಲಿ 25 ಸೆಕೆಂಡ್ ನಿಲ್ಲುವುದನ್ನೂ ಸೇರಿಸಿದರೆ ಸಮಯ 125 ಸೆಕೆಂಡ್ ಆಗುತ್ತದೆ, ವಿಸ್ತೀರ್ಣ ಹಾಗೇ ಇರುತ್ತದೆ. ಸರಾಸರಿ 9 ಮೀ/ಸೆಗೆ ಇಳಿಯುತ್ತದೆ, ಗಂಟೆಗೆ 32.4 ಕಿ.ಮೀ. 2014ರ ಜೂನ್‌ನಲ್ಲಿ ಶುರುವಾದ ವರ್ಸೋವಾ–ಅಂಧೇರಿ–ಘಾಟ್ಕೋಪರ್ ಮೆಟ್ರೋ ನೋಡಿ. 11.4 ಕಿ.ಮೀ., 12 ಸ್ಟೇಷನ್, ಸುಮಾರು 21 ನಿಮಿಷ. ಭಾಗಿಸಿದರೆ ಗಂಟೆಗೆ 32.6 ಕಿ.ಮೀ. ಗಾಡಿ ಗಂಟೆಗೆ 80 ಕಿ.ಮೀ. ಮುಟ್ಟಬಲ್ಲದು, ಸರಾಸರಿ ಮಾತ್ರ ಅದರ ಅರ್ಧವೂ ಇಲ್ಲ. ಕಾರಣ ಗ್ರಾಫಿನಲ್ಲಿ ಕಣ್ಣಿಗೇ ಕಾಣುತ್ತದೆ: ಎರಡು ಕಡೆ ಓರೆ ಗೆರೆಗಳು ತಿಂದ ಜಾಗ, ನಡುನಡುವೆ ಎತ್ತರವೇ ಇಲ್ಲದ ನಿಲುಗಡೆ. ಸ್ಟೇಷನ್‌ಗಳು ಹತ್ತಿರ ಇದ್ದಷ್ಟೂ ಮೇಲಿನ ಮಟ್ಟದ ಗೆರೆ ಗಿಡ್ಡ ಆಗುತ್ತಾ ಹೋಗುತ್ತದೆ. ಅಂಥ ಕಡೆ ಗರಿಷ್ಠ ವೇಗ ಏರಿಸಿದರೆ ಬರುವ ಲಾಭ ತೀರಾ ಕಡಿಮೆ, ಓರೆಯನ್ನು ಕಡಿದಾಗಿಸಿದರೆ ಲಾಭ ಜಾಸ್ತಿ.

ಈ ವಿಸ್ತೀರ್ಣದ ಯೋಚನೆ ಹಳೆಯದು. 14ನೇ ಶತಮಾನದಲ್ಲೇ ಫ್ರಾನ್ಸಿನ ನಿಕೋಲ್ ಒರೆಮ್ ಸಮಯವನ್ನು ಅಡ್ಡಕ್ಕೆ, ವೇಗವನ್ನು ಲಂಬಕ್ಕೆ ಇಟ್ಟು ತ್ರಿಕೋನ, ಆಯತ ಬರೆದು ತೋರಿಸಿದ್ದ. ಗೆಲಿಲಿಯೋ 1638ರಲ್ಲಿ ಪ್ರಕಟಿಸಿದ ವಾದವೂ ಇದೇ ತ್ರಿಕೋನದ ಮೇಲೆ ನಿಂತಿದೆ. ಸೊನ್ನೆಯಿಂದ ಸಮವಾಗಿ ವೇಗ ಏರಿಸುವ ವಸ್ತು, ಕೊನೆಯ ವೇಗದ ಅರ್ಧದಲ್ಲಿ ಒಂದೇ ಸಮ ಓಡುವ ವಸ್ತು, ಎರಡೂ ಅಷ್ಟೇ ಸಮಯದಲ್ಲಿ ಅಷ್ಟೇ ದೂರ ಹೋಗುತ್ತವೆ. ತ್ರಿಕೋನದ ತುದಿ ಕತ್ತರಿಸಿ ಪಕ್ಕಕ್ಕೆ ತಿರುಗಿಸಿ ಇಟ್ಟರೆ ಆಯತ ಆಗುತ್ತದೆ. ಕಾಗದದಲ್ಲಿ ಮಾಡಿ ನೋಡಿ, ಬಹಳ ಚೆಂದ.

ಅದೇ ಗಾಡಿಯ ಸ್ಥಾನದ ಗ್ರಾಫ್

ಹೊಸ ಪೇಪರ್ ತೆಗೆಯಿರಿ. ಅಡ್ಡಕ್ಕೆ ಹಿಂದಿನ ಪ್ರಮಾಣವೇ ಇರಲಿ, ಲಂಬಕ್ಕೆ 1 ಸೆಂ.ಮೀ.ಗೆ 100 ಮೀಟರ್. ಆಯಾ ಸಮಯದವರೆಗಿನ ವಿಸ್ತೀರ್ಣ ಕೂಡಿಸುತ್ತಾ ಹೋದರೆ ಸ್ಥಾನ ಸಿಗುತ್ತದೆ. 10ನೇ ಸೆಕೆಂಡಿಗೆ 25 ಮೀಟರ್, 20ಕ್ಕೆ 100, 30ಕ್ಕೆ 225. ಅಲ್ಲಿಂದ ಪ್ರತಿ 10 ಸೆಕೆಂಡಿಗೆ 150 ಕೂಡಿಸಿ: 375, 525, 675, 825, 975. ಅದು 80ನೇ ಸೆಕೆಂಡ್. 90ಕ್ಕೆ 1087.5, 100ಕ್ಕೆ 1125.

ಚುಕ್ಕಿಗಳನ್ನು ಸ್ಕೇಲಿನಿಂದ ಸೇರಿಸಬೇಡಿ. ಮೊದಲ ಮತ್ತು ಕೊನೆಯ ಭಾಗವನ್ನು ಕೈಯಿಂದ ನಯವಾಗಿ ಬಾಗಿಸಿ. ಮೊದಲ ಭಾಗ ಮೇಲಕ್ಕೆ ಬಾಗುತ್ತಾ ಕಡಿದಾಗುತ್ತದೆ. ನಡುವಿನದು ನೇರ. ಕೊನೆಯದು ಬಾಗುತ್ತಾ ಮಟ್ಟಕ್ಕೆ ಬರುತ್ತದೆ. ವೇಗದ ಗ್ರಾಫ್ ಕೆಳಗೆ ಇಳಿದ ಜಾಗದಲ್ಲಿ ಸ್ಥಾನದ ಗ್ರಾಫ್ ಇನ್ನೂ ಏರುತ್ತಿದೆ, ಗಮನಿಸಿದಿರಾ? ಗಾಡಿ ಮುಂದೆ ಹೋಗುತ್ತಿರುವವರೆಗೂ ಅದು ಏರಲೇಬೇಕು.

ಸ್ಥಾನದ ಗ್ರಾಫಿನ ಓರೆ ವೇಗ. ನೇರ ಭಾಗದಲ್ಲಿ ಸುಲಭ, 150 ಭಾಗಿಸು 10, 15 ಮೀ/ಸೆ. ಬಾಗಿದ ಭಾಗದಲ್ಲಿ ಒಂದು ಕ್ಷಣದ ವೇಗ ಬೇಕಾದರೆ ಆ ಚುಕ್ಕಿಗೆ ಸ್ಪರ್ಶಕ ಎಳೆಯಬೇಕು. 15ನೇ ಸೆಕೆಂಡಿನ ವೇಗ ಬೇಕು ಅಂತಿಟ್ಟುಕೊಳ್ಳಿ. ಸ್ಕೇಲನ್ನು ಆ ಚುಕ್ಕಿಯಲ್ಲಿ ಗೆರೆಗೆ ತಾಗಿಸಿ, ಎರಡೂ ಕಡೆ ಸಮನಾದ ಸಂದು ಕಾಣುವ ಹಾಗೆ ತಿರುಗಿಸಿ, ಉದ್ದಕ್ಕೆ ಗೆರೆ ಎಳೆಯಿರಿ. ಅದರ ಓರೆ ಅಳೆಯಿರಿ. ಸರಿ ಬಂದಿದೆಯೇ ಅಂತ ನೋಡಲು 10 ಮತ್ತು 20ನೇ ಸೆಕೆಂಡಿನ ಸ್ಥಾನ ತೆಗೆದುಕೊಳ್ಳಿ. 100 ಕಳೆ 25 ಅಂದರೆ 75, ಭಾಗಿಸು 10, ಅಂದರೆ 7.5 ಮೀ/ಸೆ. ವೇಗದ ಗ್ರಾಫಿನಲ್ಲೂ 15ನೇ ಸೆಕೆಂಡಿಗೆ 7.5 ಇದೆ.

ವಾಪಸ್ ಬರುವ ಕತೆಗೆ ಪ್ಲಾಟ್‌ಫಾರ್ಮಿಗೆ ಬನ್ನಿ. ದಾದರಿನಲ್ಲಿ ಒಬ್ಬರು 60 ಸೆಕೆಂಡ್ ನಡೆದು 90 ಮೀಟರ್ ಮುಂದೆ ಹೋದರು. 40 ಸೆಕೆಂಡ್ ನಿಂತರು. ಇಂಡಿಕೇಟರ್ ನೋಡಿ, ಹತ್ತಬೇಕಾದ ಡಬ್ಬ ಹಿಂದಿದೆ ಅಂತ ಗೊತ್ತಾಗಿ 30 ಸೆಕೆಂಡಿನಲ್ಲಿ 60 ಮೀಟರ್ ವಾಪಸ್ ಬಂದರು. ಸ್ಥಾನದ ಗ್ರಾಫ್ 0ಯಿಂದ 90ಕ್ಕೆ ಏರಿ, ಮಟ್ಟವಾಗಿ, 30ಕ್ಕೆ ಇಳಿಯುತ್ತದೆ. ಓರೆಗಳು 1.5, 0, −2 ಮೀ/ಸೆ. ಮೈನಸ್ ಅಂದರೆ ಹಿಂದಕ್ಕೆ. ಒಟ್ಟು ನಡೆದ ದೂರ 150 ಮೀಟರ್. ಸ್ಥಾನಪಲ್ಲಟ, ಅಂದರೆ ಶುರುವಿನ ಜಾಗದಿಂದ ಕೊನೆಯ ಜಾಗಕ್ಕೆ ಇರುವ ಅಂತರ, 30 ಮೀಟರ್. 130 ಸೆಕೆಂಡಿಗೆ ಸರಾಸರಿ ಜವ 1.15 ಮೀ/ಸೆ, ಸರಾಸರಿ ವೇಗ 0.23 ಮೀ/ಸೆ. ಜವಕ್ಕೆ ದಿಕ್ಕು ಇಲ್ಲ, ವೇಗಕ್ಕೆ ಇದೆ.

ಸ್ಥಾನದ ಗ್ರಾಫ್ ಬರೀ ಪಠ್ಯಪುಸ್ತಕದ ವಿಷಯ ಅಲ್ಲ. ರೈಲ್ವೆಯ ಕಂಟ್ರೋಲ್ ಆಫೀಸಿನಲ್ಲಿ ಸೆಕ್ಷನ್ ಕಂಟ್ರೋಲರ್‌ಗಳು ಗಾಡಿಗಳ ಓಡಾಟ ಗುರುತಿಸುವ ಕಂಟ್ರೋಲ್ ಚಾರ್ಟ್ ಇದೇ ಗ್ರಾಫ್. ಅಡ್ಡಕ್ಕೆ ಗಂಟೆ, ಲಂಬಕ್ಕೆ ಸ್ಟೇಷನ್‌ಗಳು, ಒಂದೊಂದು ಗಾಡಿಗೆ ಒಂದೊಂದು ಗೆರೆ. ಗೆರೆ ಕಡಿದಾಗಿದ್ದರೆ ಜೋರು ಗಾಡಿ, ಮಟ್ಟವಾದರೆ ನಿಂತ ಗಾಡಿ. ಎದುರು ದಿಕ್ಕಿನ ಗಾಡಿಯ ಗೆರೆ ಎದುರು ಓರೆಯಲ್ಲಿ ಇರುತ್ತದೆ, ಎರಡು ಗೆರೆ ಸೇರುವ ಕಡೆ ಎರಡು ಗಾಡಿ ಸಂಧಿಸುತ್ತವೆ.

ಮೈನಸ್ ವೇಗೋತ್ಕರ್ಷ ಅಂದರೆ ನಿಧಾನ ಆಗುವುದು ಅಲ್ಲ

ಈ ಭಾಗವನ್ನು ಎರಡು ಸಲ ಓದಿ. ಹನ್ನೊಂದನೇ ಕ್ಲಾಸಿಗೆ ಬಂದ ಮೇಲೂ ಬಹಳ ಮಂದಿ ಇಲ್ಲೇ ಜಾರುತ್ತಾರೆ.

ಬಹುಮಹಡಿ ಕಟ್ಟಡದ ಲಿಫ್ಟ್ ತೆಗೆದುಕೊಳ್ಳಿ. ಮೇಲಿನ ದಿಕ್ಕು ಪ್ಲಸ್. ಹತ್ತನೇ ಮಹಡಿಯಿಂದ ಕೆಳಗೆ ಹೊರಟಿದೆ. 2 ಸೆಕೆಂಡಿನಲ್ಲಿ ವೇಗ 0ಯಿಂದ −2 ಮೀ/ಸೆ ಆಗುತ್ತದೆ. 13 ಸೆಕೆಂಡ್ ಹಾಗೇ ಇಳಿಯುತ್ತದೆ. ಕೊನೆಯ 2 ಸೆಕೆಂಡಿನಲ್ಲಿ −2ರಿಂದ 0ಗೆ ಬಂದು ನಿಲ್ಲುತ್ತದೆ. ಗ್ರಾಫ್ ಪೂರ್ತಿ ಸಮಯದ ಅಕ್ಷದ ಕೆಳಗೆ ಬರುತ್ತದೆ, ತಲೆಕೆಳಗಾದ ತ್ರಾಪಿಜ್ಯ.

ಮೊದಲ ಗೆರೆಯ ಓರೆ −1 ಮೀ/ಸೆ². ಆದರೆ ಲಿಫ್ಟ್ ಅಲ್ಲಿ ಜೋರಾಗುತ್ತಿದೆ. ಕೊನೆಯ ಗೆರೆಯ ಓರೆ +1. ಅಲ್ಲಿ ಲಿಫ್ಟ್ ನಿಧಾನ ಆಗುತ್ತಿದೆ. ನಿಯಮ ಇಷ್ಟೇ: ವೇಗ ಮತ್ತು ವೇಗೋತ್ಕರ್ಷದ ಗುರುತು ಒಂದೇ ಇದ್ದರೆ ವಸ್ತು ಜೋರಾಗುತ್ತದೆ, ಬೇರೆ ಇದ್ದರೆ ನಿಧಾನ ಆಗುತ್ತದೆ. ಗ್ರಾಫಿನಲ್ಲಿ ನೋಡುವುದಾದರೆ ಗೆರೆ ಸಮಯದ ಅಕ್ಷದಿಂದ ದೂರ ಹೋಗುತ್ತಿದ್ದರೆ ಜೋರು, ಹತ್ತಿರ ಬರುತ್ತಿದ್ದರೆ ನಿಧಾನ.

ವಿಸ್ತೀರ್ಣ ತೆಗೆಯಿರಿ. 2 ಕೂಡಿಸು 26 ಕೂಡಿಸು 2, ಒಟ್ಟು 30. ಅಕ್ಷದ ಕೆಳಗಿರುವುದರಿಂದ −30 ಮೀಟರ್. ಮಹಡಿಗೆ 3 ಮೀಟರಿನಂತೆ ಹತ್ತು ಮಹಡಿ ಇಳಿದಾಯಿತು.

ಲಿಫ್ಟಿನಲ್ಲಿ ಇಳಿಯಲು ಶುರುವಾದಾಗ ಮೈ ಹಗುರ ಅನಿಸುತ್ತದೆ. ಮೇಲೆ ಹೋಗುತ್ತಿದ್ದ ಲಿಫ್ಟ್ ನಿಲ್ಲುವಾಗಲೂ ಅದೇ ಅನುಭವ. ಒಂದರಲ್ಲಿ ಕೆಳಗೆ ಹೋಗುತ್ತಿದ್ದೀರಿ, ಇನ್ನೊಂದರಲ್ಲಿ ಮೇಲೆ. ಎರಡರಲ್ಲೂ ವೇಗೋತ್ಕರ್ಷ ಮಾತ್ರ ಮೈನಸ್.

ಮೇಲಕ್ಕೆ ಎಸೆದ ಚೆಂಡಿಗೂ ಇದನ್ನೇ ಹಾಕಿ. ಸೆಕೆಂಡಿಗೆ 9.8 ಮೀಟರ್ ವೇಗದಲ್ಲಿ ನೇರ ಮೇಲಕ್ಕೆ ಎಸೆದಿರಿ. ವೇಗದ ಗ್ರಾಫ್ +9.8ರಿಂದ ಶುರುವಾಗಿ 1 ಸೆಕೆಂಡಿಗೆ ಅಕ್ಷವನ್ನು ದಾಟಿ 2 ಸೆಕೆಂಡಿಗೆ −9.8 ಮುಟ್ಟುವ ಒಂದೇ ನೇರ ಗೆರೆ. ಎಲ್ಲೂ ಮುರಿಯುವುದಿಲ್ಲ. ಓರೆ ಎಲ್ಲ ಕಡೆ −9.8. ತುದಿಯಲ್ಲಿ ವೇಗ ಸೊನ್ನೆ, ವೇಗೋತ್ಕರ್ಷ ಸೊನ್ನೆ ಅಲ್ಲ. ಅಲ್ಲೂ ಅದು ಸೊನ್ನೆ ಆಗಿದ್ದರೆ ಚೆಂಡು ಮೇಲೆಯೇ ನಿಂತುಬಿಡಬೇಕಿತ್ತು. ಮೇಲಿನ ತ್ರಿಕೋನ +4.9 ಮೀಟರ್, ಕೆಳಗಿನದು −4.9. ಸ್ಥಾನಪಲ್ಲಟ 0, ಹೋದ ದೂರ 9.8 ಮೀಟರ್.

ಎರಡು ಗೆರೆ ಸೇರಿದರೆ ಎರಡು ಗಾಡಿ ಸೇರಿತೇ?

ಮಾಟುಂಗಾದಿಂದ ಸ್ಲೋ ಲೋಕಲ್ 0.5 ಮೀ/ಸೆ² ವೇಗೋತ್ಕರ್ಷದಲ್ಲಿ ಹೊರಡುತ್ತಿದೆ. ಅದೇ ಕ್ಷಣ ಪಕ್ಕದ ಹಳಿಯಲ್ಲಿ ಫಾಸ್ಟ್ ಲೋಕಲ್ ಒಂದು ಸಿಗ್ನಲ್ ಕಾರಣಕ್ಕೆ ನಿಧಾನವಾಗಿ, ಒಂದೇ ಸಮ 10 ಮೀ/ಸೆ ವೇಗದಲ್ಲಿ ಅದನ್ನು ದಾಟುತ್ತಿದೆ. ಎರಡರ ವೇಗದ ಗ್ರಾಫನ್ನೂ ಒಂದೇ ಪೇಪರಿನಲ್ಲಿ ಹಾಕಿ. ಗೆರೆಗಳು 20ನೇ ಸೆಕೆಂಡಿಗೆ ಸೇರುತ್ತವೆ.

ಆ ಕ್ಷಣ ಸ್ಲೋ ಗಾಡಿ ಫಾಸ್ಟನ್ನು ಹಿಡಿಯಿತು ಅಂತ ಬರೆದರೆ ತಪ್ಪು. ಲಂಬ ಅಕ್ಷದಲ್ಲಿ ವೇಗ ಇದೆ, ಹಾಗಾಗಿ ಸಮ ಆದದ್ದು ವೇಗ ಮಾತ್ರ. ವಿಸ್ತೀರ್ಣ ನೋಡಿ. ಫಾಸ್ಟ್ 200 ಮೀಟರ್ ಹೋಗಿದೆ, ಸ್ಲೋ 100. ಅಂತರ 100 ಮೀಟರ್, ಮತ್ತು ಅದೇ ಅತಿ ದೊಡ್ಡ ಅಂತರ. ಅಲ್ಲಿಂದ ಸ್ಲೋ ಗಾಡಿಯ ವೇಗ ಜಾಸ್ತಿ ಆಗುವುದರಿಂದ ಅಂತರ ಕುಗ್ಗುತ್ತದೆ. 20ನೇ ಸೆಕೆಂಡಿನ ಮೊದಲು ಎರಡು ಗೆರೆಗಳ ನಡುವೆ ಬಂದ ತ್ರಿಕೋನದಷ್ಟೇ ತ್ರಿಕೋನ ಆಮೇಲೆಯೂ ಆಗಬೇಕು. ಅದು ಆಗುವುದು 40ನೇ ಸೆಕೆಂಡಿಗೆ. ಆಗ ಎರಡೂ 400 ಮೀಟರಿನಲ್ಲಿ ಇರುತ್ತವೆ, ಸ್ಲೋ ಗಾಡಿಯ ವೇಗ 20 ಮೀ/ಸೆ ಆಗಿರುತ್ತದೆ.

ವೇಗ ಸಮ ಆಗುವ ಕ್ಷಣವನ್ನು ಲೋಕಲ್‌ನಲ್ಲಿ ಓಡಾಡುವವರೆಲ್ಲ ನೋಡಿರುತ್ತೀರಿ. ಪಕ್ಕದ ಹಳಿಯ ಗಾಡಿ ಜೊತೆಜೊತೆಗೆ ಓಡುವಾಗ ಒಂದೆರಡು ಸೆಕೆಂಡ್ ಎದುರಿನ ಕಿಟಕಿಯ ಜನ ಕದಲದೆ ಕೂತ ಹಾಗೆ ಕಾಣುತ್ತಾರೆ. ಅಲ್ಲಿಂದ ಅವರು ಹಿಂದಕ್ಕೆ ಸರಿಯಲು ಶುರುಮಾಡುತ್ತಾರೆ. ಕದಲದೆ ಕಂಡ ಆ ಕ್ಷಣವೇ ಎರಡು ಗೆರೆ ಸೇರಿದ ಚುಕ್ಕಿ.

ಮೂರು ಸೂತ್ರಗಳು ಒಂದೇ ಚಿತ್ರದಿಂದ

ಶುರುವಿನ ವೇಗ ಯು, ಕೊನೆಯ ವೇಗ ವಿ, ವೇಗೋತ್ಕರ್ಷ ಎ, ಸಮಯ ಟಿ, ಸ್ಥಾನಪಲ್ಲಟ ಎಸ್. ಲಂಬ ಅಕ್ಷದಲ್ಲಿ ಯು ಎತ್ತರದಿಂದ ಶುರುವಾಗಿ ವಿ ಎತ್ತರಕ್ಕೆ ಏರುವ ಒಂದು ನೇರ ಗೆರೆ ಎಳೆಯಿರಿ.

ಓರೆ ಎ, ಅಂದರೆ ಟಿ ಸಮಯದಲ್ಲಿ ಎತ್ತರ ಎ ಗುಣಿಸು ಟಿಯಷ್ಟು ಏರಿತು. ಹಾಗಾಗಿ ವಿ ಅಂದರೆ ಯು ಕೂಡಿಸು ಎಟಿ. ಮೊದಲ ಸೂತ್ರ ಮುಗಿಯಿತು.

ಕೆಳಗಿನ ಜಾಗವನ್ನು ಒಂದು ಆಯತ, ಅದರ ಮೇಲೆ ಒಂದು ತ್ರಿಕೋನ ಮಾಡಿ. ಆಯತ ಯುಟಿ. ತ್ರಿಕೋನದ ಅಗಲ ಟಿ, ಎತ್ತರ ಎಟಿ, ವಿಸ್ತೀರ್ಣ ಅರ್ಧ ಎ ಟಿ ವರ್ಗ. ಕೂಡಿಸಿದರೆ ಎಸ್ ಸಿಗುತ್ತದೆ. ಅರ್ಧ ಎಲ್ಲಿಂದ ಬಂತು ಅಂತ ಇನ್ನು ಯಾರೂ ಕೇಳಬೇಕಾಗಿಲ್ಲ, ತ್ರಿಕೋನದಿಂದ ಬಂತು.

ಅದೇ ಜಾಗವನ್ನು ತ್ರಾಪಿಜ್ಯ ಅಂತ ನೋಡಿದರೆ ಎಸ್ ಅಂದರೆ ಯು ಕೂಡಿಸು ವಿ ಇವುಗಳ ಅರ್ಧ, ಗುಣಿಸು ಟಿ. ವಿಯಿಂದ ಯು ಕಳೆದು, ಬಂದದ್ದನ್ನು ಎಯಿಂದ ಭಾಗಿಸಿ ಟಿ ಜಾಗದಲ್ಲಿ ಹಾಕಿದರೆ ವಿ ವರ್ಗ ಅಂದರೆ ಯು ವರ್ಗ ಕೂಡಿಸು 2 ಎಎಸ್ ಬರುತ್ತದೆ. ಮೂರೂ ಸೂತ್ರ ನಡೆಯುವುದು ಗೆರೆ ನೇರ ಇದ್ದಾಗ ಮಾತ್ರ. ನಮ್ಮ ಲೋಕಲ್‌ನ ಇಡೀ ಪ್ರಯಾಣಕ್ಕೆ ಒಂದೇ ಸಲ ಹಾಕಬೇಡಿ, ಮೂರು ಭಾಗಕ್ಕೆ ಬೇರೆ ಬೇರೆ ಹಾಕಿ.

ನಿಜವಾದ ಗ್ರಾಫ್ ಫೋನಿನಲ್ಲಿ

ಜರ್ಮನಿಯ ಆಹೆನ್ ವಿಶ್ವವಿದ್ಯಾಲಯದವರು ಮಾಡಿದ ಫೈಫಾಕ್ಸ್ ಅನ್ನುವ ಉಚಿತ ಆಪ್ ಇದೆ. ಫೋನಿನೊಳಗಿನ ವೇಗೋತ್ಕರ್ಷ ಸೆನ್ಸರ್ ಓದಿ ಗ್ರಾಫ್ ತೋರಿಸುತ್ತದೆ. ಅದರಲ್ಲಿ ಗುರುತ್ವ ಬಿಟ್ಟು ವೇಗೋತ್ಕರ್ಷ ಅಳೆಯುವ ಆಯ್ಕೆ ಇದೆ, ಅದನ್ನು ಆರಿಸಿ. ಲಿಫ್ಟಿನಿಂದ ಶುರುಮಾಡಿ. ಫೋನನ್ನು ಲಿಫ್ಟಿನ ನೆಲದ ಮೇಲೆ ಮಲಗಿಸಿ ಇಡಿ, ಲಂಬ ದಿಕ್ಕಿನ ಗೆರೆ ಮಾತ್ರ ನೋಡಿ. ಇಳಿಯುವಾಗ ಮೊದಲು ಕೆಳಗೆ ಒಂದು ಉಬ್ಬು, ಆಮೇಲೆ ಸೊನ್ನೆಯ ಹತ್ತಿರ, ಕೊನೆಗೆ ಮೇಲೆ ಒಂದು ಉಬ್ಬು ಬರುತ್ತದೆ.

ವೇಗೋತ್ಕರ್ಷದ ಗ್ರಾಫಿನಲ್ಲಿ ಗೆರೆಯ ಕೆಳಗಿನ ವಿಸ್ತೀರ್ಣ ವೇಗದ ಬದಲಾವಣೆ. ಎರಡು ಉಬ್ಬುಗಳ ವಿಸ್ತೀರ್ಣ ಹೆಚ್ಚು ಕಡಿಮೆ ಸಮ ಇರಬೇಕು, ಯಾಕೆಂದರೆ ಲಿಫ್ಟ್ ನಿಂತು ಹೊರಟಿತ್ತು, ಕೊನೆಗೂ ನಿಂತಿತು.

ಆಮೇಲೆ ಮೆಟ್ರೋದಲ್ಲಿ ಕೂತು ಮಾಡಿ, ಅಲ್ಲಿ ಅಲುಗಾಟ ಕಡಿಮೆ. ಫೋನನ್ನು ತೊಡೆಯ ಮೇಲೆ ಚಪ್ಪಟೆಯಾಗಿ, ಗಾಡಿ ಹೋಗುವ ದಿಕ್ಕಿಗೆ ತಲೆ ಮಾಡಿ ಹಿಡಿಯಿರಿ. ಲೋಕಲ್‌ನಲ್ಲಿ ಮಾಡುವುದಾದರೆ ಸೀಟು ಸಿಕ್ಕಿದಾಗ ಮಾತ್ರ, ಬಾಗಿಲ ಹತ್ತಿರ ಬೇಡವೇ ಬೇಡ. ಅಲ್ಲಿ ಗೆರೆ ಹಲ್ಲುಹಲ್ಲಾಗಿ ಬರುತ್ತದೆ, ಅದರ ನಡುವೆ ಕಣ್ಣಂದಾಜಿನಲ್ಲಿ ಒಂದು ನಯವಾದ ಗೆರೆ ಎಳೆದುಕೊಳ್ಳಿ. ಆದರೆ ಈ ಗ್ರಾಫಿನಿಂದ ವೇಗ, ವೇಗದಿಂದ ದೂರ ಅಂತ ಮುಂದುವರಿಸಿದರೆ ಸೆನ್ಸರಿನ ಸಣ್ಣ ಸಣ್ಣ ತಪ್ಪುಗಳು ವಿಸ್ತೀರ್ಣದಲ್ಲಿ ಕೂಡಿಕೊಳ್ಳುತ್ತಾ ಹೋಗುತ್ತವೆ. ಹಾಗಾಗಿ ದೂರಕ್ಕೆ ಜಿಪಿಎಸ್ ವೇಗ ತೋರಿಸುವ ಆಪ್ ಬಳಸಿ, 5 ಸೆಕೆಂಡಿಗೊಮ್ಮೆ ವೇಗ ಬರೆದುಕೊಳ್ಳಿ, ಮನೆಗೆ ಬಂದು ಗ್ರಾಫ್ ಹಾಕಿ ಚೌಕ ಎಣಿಸಿ.

ಕೈಗೆ ಎರಡು ಲೆಕ್ಕ

ಒಂದು ಗಾಡಿ 40 ಸೆಕೆಂಡಿನಲ್ಲಿ 0ಯಿಂದ 20 ಮೀ/ಸೆಗೆ ಏರಿ, 60 ಸೆಕೆಂಡ್ ಹಾಗೇ ಓಡಿ, 25 ಸೆಕೆಂಡಿನಲ್ಲಿ ನಿಂತಿತು. ಓರೆಗಳು, ಒಟ್ಟು ದೂರ, ಸರಾಸರಿ ವೇಗ ತೆಗೆಯಿರಿ. ಬರಬೇಕಾದದ್ದು 0.5, 0, −0.8 ಮೀ/ಸೆ²; 1850 ಮೀಟರ್; 14.8 ಮೀ/ಸೆ.

ಇನ್ನೊಂದು, ಮಾಟುಂಗಾದ ಎರಡು ಗಾಡಿಗಳದು. ಸ್ಲೋ ಲೋಕಲ್ 15 ಮೀ/ಸೆ ಮುಟ್ಟಿದ ಮೇಲೆ ವೇಗ ಏರಿಸುವುದನ್ನು ನಿಲ್ಲಿಸಿತು ಅಂದುಕೊಳ್ಳಿ. ಫಾಸ್ಟ್ ಮೊದಲಿನ ಹಾಗೇ 10 ಮೀ/ಸೆ. ಈಗ ಯಾವಾಗ ಹಿಡಿಯುತ್ತದೆ? 30ನೇ ಸೆಕೆಂಡಿಗೆ ಸ್ಲೋ 225 ಮೀಟರಿನಲ್ಲಿ, ಫಾಸ್ಟ್ 300ರಲ್ಲಿ. ಉಳಿದ ಅಂತರ 75 ಮೀಟರ್. ಅಲ್ಲಿಂದ ಎರಡೂ ಗೆರೆ ಮಟ್ಟವಾಗಿವೆ, ನಡುವಿನ ಎತ್ತರ 5 ಮೀ/ಸೆ. ಹಾಗಾಗಿ ಎರಡು ಗೆರೆಗಳ ನಡುವಿನ ಆಯತ 75 ಆಗಲು ಇನ್ನೂ 15 ಸೆಕೆಂಡ್ ಬೇಕು. ಹಿಡಿಯುವುದು 45ನೇ ಸೆಕೆಂಡಿಗೆ, ಮಾಟುಂಗಾದಿಂದ 450 ಮೀಟರಿನಲ್ಲಿ.